ಬೀಸುವ ಮುನ್ನ ಕಾಳು ಹಸನು ಮಾಡುವ, ನೀರುಣಿಸುವ ಯಂತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗಿರಣಿ ಇಡಬೇಕು ಅಂತ ಬರುವವರು ಮೊದಲು ಕೇಳುವುದು ಬೀಸುವ ಯಂತ್ರದ ಬೆಲೆ. ಇಟ್ಟು ಆರು ತಿಂಗಳಾದ ಮೇಲೆ ಅವರೇ ಫೋನ್ ಮಾಡಿ ಕೇಳುವುದು ಕಲ್ಲು, ಮಣ್ಣು, ನೀರಿನ ವಿಚಾರ. ಹಿಟ್ಟು ಕೆಡುವುದೂ ಸುಧಾರಿಸುವುದೂ ಹೆಚ್ಚಾಗಿ ಬೀಸುವ ಕಲ್ಲಿಗೆ ಕಾಳು ತಲುಪುವ ಮೊದಲೇ ಅನ್ನುವುದು ನನ್ನ ಅನುಭವ. ಫೋನಿನಲ್ಲಿ, ಪತ್ರದಲ್ಲಿ, ಗಿರಣಿಯ ಕಟ್ಟೆಯ ಮೇಲೆ ಕೂತು ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಅಂದಹಾಗೆ, ಇಂಥ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ‘ಎಫ್‌ಎಕ್ಯೂ’ ಅನ್ನುತ್ತಾರಲ್ಲ, ಮಂಡಿಯಲ್ಲಿ ಅದೇ ಮೂರಕ್ಷರ ಅಂದರೆ ಪ್ರಶ್ನೋತ್ತರವಲ್ಲ, ಸರಾಸರಿ ಒಳ್ಳೆಯ ಗುಣಮಟ್ಟದ ಮಾಲು. ಆ ದರ್ಜೆಯ ಗೋಧಿಯಲ್ಲೂ ಶೇ. 0.75ರಷ್ಟು ಕಸಕಡ್ಡಿ, ಮಣ್ಣು ಇರಲು ಸರ್ಕಾರದ ಖರೀದಿ ನಿಯಮವೇ ಒಪ್ಪುತ್ತದೆ. ಒಂದು ಟನ್ನಿಗೆ ಏಳೂವರೆ ಕೆ.ಜಿ.!

## ಮೊದಲ ಪಾಠ

“ಮನೇಲಿ ಮೊರದಲ್ಲಿ ಕೇರಿ, ಕಲ್ಲು ಆರಿಸಿ ಕಳಿಸ್ತೀವಲ್ಲ, ಅದಕ್ಕೆ ಮಷಿನ್ ಯಾಕೆ?”

ಹತ್ತು ಸೇರಿಗೆ ಬೇಡವೇ ಬೇಡ. ಅಜ್ಜಿಯ ಕೈಗಿಂತ ಒಳ್ಳೆಯ ಯಂತ್ರವನ್ನು ನಾನಂತೂ ನೋಡಿಲ್ಲ. ಆದರೆ ಗಂಟೆಗೆ ಐದು ಕ್ವಿಂಟಲ್ ಓಡಬೇಕಾದಾಗ ಅಜ್ಜಿಯ ಕೆಲಸವನ್ನೇ ಬಿಡಿಬಿಡಿಯಾಗಿ ಯಂತ್ರಗಳಿಗೆ ಹಂಚಬೇಕಾಗುತ್ತದೆ. ಜರಡಿ ಹಿಡಿಯುವುದು ಗಾತ್ರ ನೋಡಿ ಬೇರೆ ಮಾಡುವ ಕೆಲಸ, ಅದು ಸೆಪರೇಟರ್. ಕಣದಲ್ಲಿ ಗಾಳಿಗೆ ತೂರುವುದು ಹಗುರವಾದದ್ದನ್ನು ಹಾರಿಸುವ ಕೆಲಸ, ಅದು ಆಸ್ಪಿರೇಟರ್. ಮೊರದಲ್ಲಿ ಕೇರುವಾಗ ಭಾರದ್ದು ಒಂದು ಕಡೆ, ಹಗುರದ್ದು ಇನ್ನೊಂದು ಕಡೆ ಸರಿಯುತ್ತದಲ್ಲ, ಅದು ಡಿಸ್ಟೋನರ್. ಕಣ್ಣಿಟ್ಟು ಕಪ್ಪು ಕಾಳು ಆರಿಸುವುದು ಕಲರ್ ಸಾರ್ಟರ್. ಅಕ್ಕಿಯನ್ನು ನೀರಿನಲ್ಲಿ ಗಾಳಿಸಿ ಕಲ್ಲು ತಳಕ್ಕೆ ಬಿಡುವುದಕ್ಕೂ ಒಂದು ಯಂತ್ರವಿತ್ತು, ಅದರ ಕಥೆ ಮುಂದೆ ಬರುತ್ತದೆ.

“ಒಣಗಿಸಿದ ಗೋಧಿಗೆ ಮತ್ತೆ ನೀರು ಹಾಕೋದಾ? ತೂಕ ಹೆಚ್ಚಿಸೋ ಮೋಸ ಅಲ್ವಾ ಇದು?”

ಉತ್ತರ ಕರ್ನಾಟಕದ ಮನೆಗಳಲ್ಲಿ ಹುಗ್ಗಿಗೆ ಗೋಧಿ ಕುಟ್ಟುವುದನ್ನು ನೋಡಿದ್ದೀರಾ? ಗೋಧಿಗೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಒರಳಿಗೆ ಹಾಕಿ ಕುಟ್ಟುತ್ತಾರೆ. ಒಣ ಗೋಧಿ ಕುಟ್ಟಿದರೆ ಕಾಳೇ ಒಡೆಯುತ್ತದೆ. ತೇವದ ಗೋಧಿ ಕುಟ್ಟಿದರೆ ಸಿಪ್ಪೆ ಸುಲಿಯುತ್ತದೆ. ಕಲ್ಲಿನ ಬದಲು ಲೋಹದ ಉರುಳೆಗಳ ನಡುವೆ ಬೀಸುವ ರೋಲರ್ ಗಿರಣಿಯಲ್ಲಿ ನಡೆಯುವುದೂ ಇದೇ. ನೀರು ಕುಡಿದ ತೌಡಿನ ಪದರ ತೊಗಲಿನ ಹಾಗೆ ಬಾಗುತ್ತದೆ, ಪುಡಿಯಾಗುವುದಿಲ್ಲ. ಒಳಗಿನ ಬಿಳಿ ಭಾಗ ಮೆತ್ತಗಾಗಿ ಸಿಪ್ಪೆಯಿಂದ ಸಲೀಸಾಗಿ ಬಿಡುತ್ತದೆ. ತೌಡು ದೊಡ್ಡ ಚಕ್ಕೆಯಾಗಿ ಜರಡಿಯ ಮೇಲೆ ಉಳಿಯುವುದರಿಂದ ಮೈದಾ ಬೆಳ್ಳಗೆ ಬರುತ್ತದೆ, ರವೆಯಲ್ಲಿ ಕೆಂಪು ಚುಕ್ಕೆ ಕಡಿಮೆಯಾಗುತ್ತದೆ, ವಿದ್ಯುತ್ತೂ ಉಳಿಯುತ್ತದೆ.

ತೂಕದ ಅನುಮಾನ ಪೂರ್ತಿ ಸುಳ್ಳಲ್ಲ. ಬೀಸುವಾಗಿನ ಶಾಖ, ಗಾಳಿಯಿಂದ ಶೇ. 1ರಿಂದ 2ರಷ್ಟು ತೇವ ಹಾರಿಹೋಗುತ್ತದೆ, ಉಳಿದದ್ದು ಹಿಟ್ಟಿನಲ್ಲೇ ಇರುತ್ತದೆ. ಅದಕ್ಕೇ ಆಹಾರ ಸುರಕ್ಷತಾ ನಿಯಮದಲ್ಲಿ ಗೋಧಿ ಹಿಟ್ಟಿನ ತೇವಾಂಶ ಶೇ. 14 ಮೀರಬಾರದು ಎಂದಿದೆ. ಆ ಗೆರೆಯೊಳಗೆ ಇದ್ದರೆ ಅದು ಕಸುಬು. ದಾಟಿದರೆ ನೀವು ಹೇಳಿದ್ದೇ ಸರಿ.

“ಎಲ್ಲಾ ಕಾಳಿಗೂ ನೀರು ಬೇಕಾ?”

ಇಲ್ಲ. ಮೈದಾ, ರವೆ ತೆಗೆಯುವ ಗೋಧಿಗೆ ಬೇಕೇ ಬೇಕು. ಕಲ್ಲಿನ ಚಕ್ಕಿಯಲ್ಲಿ ತೌಡು ಸಮೇತ ಬೀಸುವ ಗೋಧಿಗೆ ಬಹಳ ಕಡಿಮೆ ಸಾಕು; ಹೆಚ್ಚಾದರೆ ಹಿಟ್ಟು ಕಲ್ಲಿಗೆ ಮೆತ್ತಿಕೊಂಡು ಚಕ್ಕಿ ಬಿಸಿಯಾಗುತ್ತದೆ. ರೊಟ್ಟಿಯ ಜೋಳಕ್ಕೆ ಬೇಡ. ಭತ್ತ ಕುದಿಸಿ ಕುಸುಬಲಕ್ಕಿ ಮಾಡುವುದು ಬೇರೆಯೇ ವಿದ್ಯೆ. ರಾಗಿಯ ಮಾತು ಮುಂದಿದೆ.

## ಹಸನು ಮಾಡುವ ಯಂತ್ರಗಳು

“ಮೊದಲು ಯಾವ ಮಷಿನ್, ಆಮೇಲೆ ಯಾವುದು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.”

ಸುಲಭಕ್ಕೆ ಹೋಗುವುದನ್ನು ಮೊದಲು ಕಳಿಸಿ, ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಚೀಲ ಸುರಿಯುವ ಹಾಪರಿಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ಮ್ಯಾಗ್ನೆಟ್. ನಂತರ ಎರಡು ಜರಡಿಯ ಸೆಪರೇಟರ್: ಮೇಲಿನದರಲ್ಲಿ ದಾರ, ಹುಲ್ಲು, ದೊಡ್ಡ ಹೆಂಟೆ ಉಳಿಯುತ್ತವೆ, ಕೆಳಗಿನದರಲ್ಲಿ ಮರಳು, ನುಚ್ಚು ಇಳಿದುಹೋಗುತ್ತವೆ. ಹೊರಬರುವ ಬಾಯಲ್ಲಿ ಗಾಳಿ ಹೊಟ್ಟನ್ನೂ ಜೊಳ್ಳನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಡಿಸ್ಟೋನರ್. ಗೋಧಿಯಾದರೆ ಮುಂದೆ ಉದ್ದ ನೋಡಿ ಕಳೆಬೀಜ ತೆಗೆಯುವ ಟ್ರಯರ್, ಕಾಳನ್ನು ಉಜ್ಜಿ ಮಣ್ಣು ಬಿಡಿಸುವ ಸ್ಕೌರರ್. ಅಲ್ಲಿಂದ ನೀರು, ಕಾಳು ನೆನೆಯಲು ಬಿಡುವ ಬಿನ್ ಅಂದರೆ ದೊಡ್ಡ ತೊಟ್ಟಿ, ಮತ್ತೊಮ್ಮೆ ಸ್ಕೌರರ್ ಮತ್ತು ಗಾಳಿ, ಇನ್ನೊಂದು ಮ್ಯಾಗ್ನೆಟ್, ಕೊನೆಗೆ ರೋಲರ್. ಡಿಸ್ಟೋನರನ್ನು ಸೆಪರೇಟರಿಗಿಂತ ಮುಂಚೆ ಇಟ್ಟವರನ್ನೂ ನೋಡಿದ್ದೇನೆ. ದಾರ, ಹುಲ್ಲು ಬಂದು ಅದರ ಜಾಲರಿಯ ಮೇಲೆ ಕೂತರೆ ಗಾಳಿ ಸಮನಾಗಿ ಏಳುವುದಿಲ್ಲ. ಕಲ್ಲೂ ಕಾಳೂ ಒಟ್ಟಿಗೇ ಇಳಿಯುತ್ತವೆ.

“ಮೂರು ಸಲ ಜರಡಿ ಆಡಿಸಿದ್ರೂ ಮುದ್ದೆ ಕರಕರ ಅನ್ನುತ್ತೆ ಸ್ವಾಮಿ. ಏನ್ ಮಾಡೋದು?”

ಹಳೆ ಮೈಸೂರು ಕಡೆಯಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ರಾಗಿಯನ್ನು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳಿಂದ ತುಳಿಸಿದರೆ, ಅಥವಾ ಸಗಣಿ ಸಾರಿಸದ ಮಣ್ಣಿನ ಕಣದಲ್ಲಿ ಬಡಿದರೆ, ಕಾಳಿನ ಜೊತೆ ಮರಳು ಬಂದೇ ಬರುತ್ತದೆ. ರಾಗಿ ಕಾಳು ಒಂದೂವರೆ ಮಿ.ಮೀ. ಆಸುಪಾಸು, ಗುಂಡಗೆ. ಮರಳಿನ ಕಣವೂ ಅದೇ ಗಾತ್ರ. ಎರಡೂ ಒಂದೇ ಗಾತ್ರವಾದ ಮೇಲೆ ಜರಡಿ ಮೂರಲ್ಲ, ಮೂವತ್ತು ಸಲ ಆಡಿಸಿದರೂ ಬೇರೆಯಾಗುವುದಿಲ್ಲ.

ಬೇರೆಯಿರುವುದು ತೂಕ. ಒಂದೇ ಗಾತ್ರದ ಕಲ್ಲು ಕಾಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಡಿಸ್ಟೋನರಿನಲ್ಲಿ ಓರೆಯಾಗಿಟ್ಟ ಜಾಲರಿಯ ಹಲಗೆ ಅಲುಗಾಡುತ್ತಿರುತ್ತದೆ, ಕೆಳಗಿನಿಂದ ಗಾಳಿ ಬರುತ್ತಿರುತ್ತದೆ. ಕಾಳು ಗಾಳಿಯ ಮೇಲೆ ತೇಲಿ ನೀರಿನಂತೆ ಇಳಿಜಾರಿಗೆ ಹರಿಯುತ್ತದೆ. ಕಲ್ಲು ತೇಲದೆ ಹಲಗೆಗೆ ಅಂಟಿಕೊಂಡಂತಿದ್ದು, ಪ್ರತಿ ಅಲುಗಿಗೂ ಒಂದಿಷ್ಟು ಮೇಲಕ್ಕೆ ಹತ್ತಿ ಹೊರಬೀಳುತ್ತದೆ. ಏರಿನಲ್ಲಿ ಕಲ್ಲು ಹತ್ತುವುದನ್ನು ಮೊದಲ ಸಲ ನೋಡಿದವರು ನಗದೇ ಇರುವುದಿಲ್ಲ.

ಆದರೆ ಒಂದು ತೊಡಕಿದೆ. ಕರಕರ ಅನ್ನುವುದೆಲ್ಲ ಕಲ್ಲಲ್ಲ. ಒಣಗಿದ ಮಣ್ಣಿನ ಸಣ್ಣ ಉಂಡೆಗಳ ತೂಕ ಕಲ್ಲಿನಷ್ಟಿರುವುದಿಲ್ಲ. ಡಿಸ್ಟೋನರ್ ಕಣ್ಣಿಗೆ ಮಣ್ಣೆರಚಿ ಕಾಳಿನ ಜೊತೆಗೇ ಹೋಗುತ್ತವೆ. ಅವನ್ನು ಉಜ್ಜಿ ಪುಡಿ ಮಾಡಬೇಕು, ಆ ಪುಡಿಯನ್ನು ಗಾಳಿಯಲ್ಲಿ ಎಳೆಯಬೇಕು. ಅಂದರೆ ಡಿಸ್ಟೋನರ್ ಆದ ಮೇಲೆ ಒಂದು ಸಣ್ಣ ಸ್ಕೌರರ್. ಕಾಳಿಗೆ ಅಂಟಿದ ಹೊಟ್ಟಿನ ಪೊರೆಯೂ ಅಲ್ಲೇ ಬಿಡುತ್ತದೆ.

ಗೋಧಿ ಹಿಟ್ಟು ಮಾರುವವರಿಗೆ ಇದು ಬರೀ ಬಾಯಿರುಚಿಯ ವಿಷಯವಲ್ಲ. ಹಿಟ್ಟನ್ನು ಸುಟ್ಟು, ಆ ಬೂದಿಯಲ್ಲಿ ಆಮ್ಲಕ್ಕೂ ಕರಗದೆ ಉಳಿಯುವ ಅಂಶ ಹಿಟ್ಟಿನ ಒಣ ತೂಕದ ಶೇ. 0.15 ದಾಟಬಾರದೆಂದು ಆಹಾರ ನಿಯಮ ಹೇಳುತ್ತದೆ. ಆ ಉಳಿಕೆ ಹೆಚ್ಚುಪಾಲು ಮರಳೇ.

“ಡಿಸ್ಟೋನರ್ ತಂದಿದೀನಿ. ಆದ್ರೂ ಕಲ್ಲು ಬರ್ತಿದೆ. ಕಂಪನಿಯವರು ಮಷಿನ್ ಸರಿಯಾಗಿದೆ ಅಂತಾರೆ.”

ಬಹುಶಃ ಇಬ್ಬರೂ ಸರಿ. ಗಾಳಿ ಹೆಚ್ಚಾದರೆ ಕಲ್ಲೂ ತೇಲಿ ಕಾಳಿನೊಡನೆ ಇಳಿಯುತ್ತದೆ. ಕಡಿಮೆಯಾದರೆ ಕಾಳು ಕಲ್ಲಿನ ಬಾಯಿಯಿಂದ ಹೊರಗೆ ಬೀಳುತ್ತದೆ. ಕಾಳು ಹಲಗೆಯ ಮೇಲೆ ಸಮನಾದ ಹಾಸಿನಂತೆ ಹರಡಿರಬೇಕು. ಒಂದು ಕಡೆ ಬೋಳು ಬಿದ್ದರೆ ಗಾಳಿಯೆಲ್ಲ ಅಲ್ಲೇ ನುಗ್ಗುತ್ತದೆ. ಗೋಧಿಗೆ ಹೊಂದಿಸಿದ ಗಾಳಿಯಲ್ಲಿ ರಾಗಿ ಓಡಿಸಬೇಡಿ. ಜಾಲರಿಯ ಕಣ್ಣಿಗೆ ಧೂಳು ಕಟ್ಟಿದೆಯೇ ಎಂದು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಓಡಿ ಜಾಲರಿಯ ಒರಟು ಸವೆದು ನುಣ್ಣಗಾಗಿದ್ದರೆ ಕಲ್ಲು ಹತ್ತಲಾರದು, ಬದಲಿಸಲೇಬೇಕು.

ನಾನು ಮಾಡುವ ಪರೀಕ್ಷೆ ಇಷ್ಟೇ: ಕಾಳಿನ ಗಾತ್ರದ 50 ಕಲ್ಲಿಗೆ ಕೆಂಪು ಬಣ್ಣ ಹಚ್ಚಿ ಒಣಗಿಸಿ ಒಂದು ಚೀಲಕ್ಕೆ ಬೆರೆಸುವುದು, ಓಡಿಸಿ ಎಷ್ಟು ಮೇಲೆ ಬಂದವೆಂದು ಎಣಿಸುವುದು. ಆ ಚೀಲವನ್ನು ಬೀಸಲು ಮಾತ್ರ ಬಿಡಬೇಡಿ. ಉಳಿದ ಕಲ್ಲು ಸಿಗುವವರೆಗೆ ಪಕ್ಕಕ್ಕಿಡಿ.

“ಮ್ಯಾಗ್ನೆಟ್ ಅಷ್ಟು ಮುಖ್ಯನಾ? ಮೊಳೆ ಇದ್ರೆ ಕಣ್ಣಿಗೇ ಕಾಣುತ್ತಲ್ಲ.”

ಕಾಣುವುದಿಲ್ಲ. ಚೀಲ ಹೊಲಿಯುವ ಸೂಜಿಯ ತುಂಡು, ಟ್ರ್ಯಾಕ್ಟರಿನ ನಟ್ಟು, ಕಾಳು ಮೇಲೆತ್ತುವ ಸವೆದ ಎಲಿವೇಟರಿನ ಬೋಲ್ಟು, ಎಲ್ಲ ಕಾಳಿನೊಳಗೆ ಮುಳುಗಿರುತ್ತವೆ. ರೋಲರಿಗೆ ಗೀರು ಬೀಳುವುದು ಸಣ್ಣ ನಷ್ಟ. ದೊಡ್ಡ ಭಯ ಕಿಡಿ. ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು ಸೀಮೆಎಣ್ಣೆಯ ಆವಿಯಂತೆ ಸಿಡಿಯಬಲ್ಲದು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1878ರ ಮೇ 2ರಂದು ವಾಶ್‌ಬರ್ನ್ ‘ಎ’ ಗಿರಣಿ ಹಾಗೆಯೇ ಸಿಡಿದು 18 ಜನ ಸತ್ತರು. ಬೀಸುಕಲ್ಲಿನಿಂದ ಹಾರಿದ ಕಿಡಿ ಕಾರಣವೆಂದು ಆಗ ತೀರ್ಮಾನವಾಯಿತು. ಮ್ಯಾಗ್ನೆಟ್ಟಿಗೆ ಅಂಟಿದ್ದನ್ನು ದಿನಕ್ಕೊಮ್ಮೆ ತೆಗೆಯಿರಿ. ತುಂಬಿಹೋದ ಮ್ಯಾಗ್ನೆಟ್ ಇಟ್ಟರೂ ಒಂದೇ, ಬಿಟ್ಟರೂ ಒಂದೇ.

“ಟ್ರಯರ್ ಸಿಲಿಂಡರ್ ಅಂತ ಕೊಟೇಶನ್‌ನ್ಯಾಗ ಹಾಕ್ಯಾರ್ರಿ. ನಮಗ ಬೇಕಾಗ್ತದೇನು?”

ಇದು ಉದ್ದ ಅಳೆಯುವ ಯಂತ್ರ. ತಿರುಗುವ ಕೊಳವೆಯ ಒಳಮೈ ತುಂಬ ಸಣ್ಣ ಗುಳಿಗಳು. ಗುಂಡನೆಯ ಕಳೆಬೀಜ, ಅರ್ಧ ಕಾಳು ಗುಳಿಯಲ್ಲಿ ಕೂತು ಮೇಲಕ್ಕೆ ಹೋಗಿ ನಡುವಿನ ತೊಟ್ಟಿಗೆ ಬೀಳುತ್ತವೆ. ಗೋಧಿ ಉದ್ದವಾದ್ದರಿಂದ ಜಾರಿ ಕೆಳಗೇ ಉಳಿಯುತ್ತದೆ. ರವೆ, ಮೈದಾ ಗಿರಣಿಗೆ ಬೇಕು. ರೊಟ್ಟಿ ಹಿಟ್ಟು, ಚಪಾತಿ ಹಿಟ್ಟಿನ ಊರ ಗಿರಣಿಗೆ ಬೇಡ್ರಿ, ಆ ದುಡ್ಡು ಡಿಸ್ಟೋನರಿಗೆ ಹಾಕ್ರಿ.

“ಗೋಧಿನ ತೊಳೆದು ಒಣಗಿಸಿಬಿಟ್ರೆ ಎಲ್ಲಾ ಸರಿಹೋಗಲ್ವಾ?”

ಹಳೆಯ ರೋಲರ್ ಗಿರಣಿಗಳಲ್ಲಿ ಇದೇ ಇತ್ತು. ಅಕ್ಕಿ ಗಾಳಿಸುವ ತತ್ವದ್ದೇ ತೊಟ್ಟಿ: ಹರಿಯುವ ನೀರಿನಲ್ಲಿ ಗೋಧಿ ತೇಲುತ್ತಾ ಮುಂದೆ ಸಾಗಿದರೆ ಕಲ್ಲು ತಳಕ್ಕಿಳಿಯುತ್ತಿತ್ತು, ಪಕ್ಕದ ವಿಝರ್ ಯಂತ್ರ ಜೋರಾಗಿ ತಿರುಗಿ ನೀರು ಒದರಿಬಿಡುತ್ತಿತ್ತು. ಕಾಳು ಹಸನಾಗುತ್ತಿತ್ತು, ತೇವವೂ ಸಿಗುತ್ತಿತ್ತು. ಆದರೆ ನೀರು ವಿಪರೀತ ಬೇಕು, ಕೊಳೆ ನೀರನ್ನು ಎಲ್ಲಿಗೆ ಬಿಡುವುದು ಎಂಬ ಚಿಂತೆ ಬೇರೆ. ಅದೇ ನೀರು ಮತ್ತೆ ಮತ್ತೆ ಬಳಸಿದರೆ ಸೂಕ್ಷ್ಮಜೀವಿಗಳು ಎಲ್ಲ ಕಾಳಿಗೂ ಹಂಚಿಹೋಗುತ್ತವೆ. ಹಾಗಾಗಿ ಈಗ ಅದರ ಜಾಗಕ್ಕೆ ಒಣ ಸ್ಕೌರರ್ ಬಂದಿದೆ: ರಂಧ್ರದ ಲೋಹದ ಕೊಳವೆಯೊಳಗೆ ಕಾಳು ಕಾಳಿಗೆ ಉಜ್ಜಿ, ಗೋಧಿಯ ನಡುಸೀಳಿನ ಬಾಯಲ್ಲಿ ಕೂತ ಮಣ್ಣು, ತುದಿಯ ಮೀಸೆಕೂದಲು ಉದುರುತ್ತವೆ. ಮನೆಯಲ್ಲಿ ತೊಳೆದು ಬಿಸಿಲಿಗೆ ಹಾಕುವುದಾದರೆ ಅಭ್ಯಂತರವಿಲ್ಲ. ಪೂರ್ತಿ ಒಣಗಿದೆಯೇ ಎಂದು ಕಡಿದು ನೋಡಿ ಗಿರಣಿಗೆ ತನ್ನಿ. ‘ಟಕ್’ ಅನ್ನಬೇಕು.

## ನೀರುಣಿಸುವ ವಿದ್ಯೆ

“ಒಂದು ಕ್ವಿಂಟಲ್ ಗೋಧಿಗೆ ಎಷ್ಟು ಲೀಟರ್ ನೀರು?”

ತೇವಾಂಶವನ್ನು ಶೇ. ಹತ್ತರಿಂದ ಹದಿನಾರಕ್ಕೆ ಏರಿಸಬೇಕು, ಹಾಗಾದರೆ ಆರು ಲೀಟರ್ ಅಂತ ಬಹಳ ಜನ ಲೆಕ್ಕ ಹಾಕುತ್ತಾರೆ. ತಪ್ಪು. ನೀರು ಹಾಕಿದಾಗ ಒಟ್ಟು ತೂಕವೂ ಏರುವುದರಿಂದ ಆರು ಲೀಟರಿಗೆ ಸಿಗುವುದು ಶೇ. 15.1 ಮಾತ್ರ. ಸರಿಯಾದ ಲೆಕ್ಕ ಹೀಗೆ: ಬೇಕಾದ ತೇವದಿಂದ ಇರುವ ತೇವ ಕಳೆಯಿರಿ, ಅದನ್ನು ಗೋಧಿಯ ತೂಕದಿಂದ ಗುಣಿಸಿ, ನೂರರಲ್ಲಿ ಬೇಕಾದ ತೇವ ಕಳೆದು ಉಳಿದದ್ದರಿಂದ ಭಾಗಿಸಿ. 100 × 6 ÷ 84 = 7.14 ಲೀಟರ್. ಗಂಟೆಗೆ ಒಂದು ಟನ್ ಓಡುವ ಗಿರಣಿಗೆ 71 ಲೀಟರ್ ಚಿಲ್ಲರೆ, ನಿಮಿಷಕ್ಕೆ ಸುಮಾರು 1.2 ಲೀಟರ್. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಮಳೆಯಾಶ್ರಿತ ಗೋಧಿ ಶೇ. 9ಕ್ಕೆ ಇಳಿದಿದ್ದರೆ ಕ್ವಿಂಟಲ್ಲಿಗೆ 8.3 ಲೀಟರ್ ಬೇಕು. ನೀರು ಕುಡಿಯಲು ಯೋಗ್ಯವಾಗಿರಲಿ. ಅದು ಹಿಟ್ಟಿನಲ್ಲೇ ಉಳಿಯುತ್ತದೆ.

“ನೀರು ಹಾಕಿ ಎಷ್ಟು ಹೊತ್ತು ಬಿಡಬೇಕು?”

ಗೋಧಿಯ ಗಡಸುತನ ನೋಡಿ. ಮೆದು ಗೋಧಿಗೆ ಶೇ. 15–15.5 ತೇವ, 8–10 ಗಂಟೆ. ಗಟ್ಟಿ ಗೋಧಿಗೆ ಶೇ. 16–16.5, 16ರಿಂದ 24 ಗಂಟೆ. ನೀರು ಕಾಳಿನ ತೊಟ್ಟಿನ ಕಡೆಯಿಂದಲೂ ಸಿಪ್ಪೆಯಿಂದಲೂ ನಿಧಾನವಾಗಿ ಒಳಗಿಳಿಯಬೇಕು. ಗಟ್ಟಿ ಕಾಳಿನಲ್ಲಿ ದಾರಿ ಬಿಗಿ.

ಬನ್ಸಿ ರವೆಯ ಡ್ಯೂರಮ್ ಗೋಧಿಯ ಲೆಕ್ಕವೇ ಬೇರೆ. ಅದು ಎಲ್ಲಕ್ಕಿಂತ ಗಟ್ಟಿ, ಆದರೂ ಅದನ್ನು ಕಡಿಮೆ ಹೊತ್ತು ಬಿಡುತ್ತಾರೆ. ರವೆಗೆ ಬೇಕಾದ್ದು ಬಾಗುವ ಸಿಪ್ಪೆ, ಮುರಿಯುವ ಒಳಗಾಳು. ಒಳಗೂ ಮೆತ್ತಗಾದರೆ ರವೆಯ ಬದಲು ಹಿಟ್ಟು ಸುರಿಯುತ್ತದೆ. ಗಟ್ಟಿ ಅಂದಮೇಲೆ ಇನ್ನೂ ನೆನೆಯಲಿ ಅಂತ ಬಿಟ್ಟು ಕೆಟ್ಟವರು ಬಹಳ.

ಚಳಿಗಾಲದ ಬೆಳಗ್ಗೆ ತಣ್ಣೀರು ಒಳಗಿಳಿಯುವುದು ತಡ. ಉಗುರುಬೆಚ್ಚಗಿನ ನೀರು ಸಹಾಯ ಮಾಡುತ್ತದೆ. ಗರಿಷ್ಠ ಮಿತಿಯೂ ಇದೆ. ಒಮ್ಮೆ ಏಪ್ರಿಲ್‌ನಲ್ಲಿ ಎರಡು ದಿನ ಕರೆಂಟು ಹೋಗಿ, ನೀರು ಕುಡಿದ ಗೋಧಿ ನನ್ನ ಬಿನ್ನಿನಲ್ಲೇ ನಿಂತಿತು. ಮೂರನೇ ದಿನ ಮುಚ್ಚಳ ತೆಗೆದಾಗ ಹುಳಿ ವಾಸನೆ, ಕೈ ಹಾಕಿದರೆ ಬಿಸಿ. ಕೆಳಗಿನ ಪದರ ಮೊಳಕೆಯೊಡೆಯಲು ಹೊರಟಿತ್ತು. ಅಷ್ಟನ್ನೂ ಹೊರಗೆ ಹಾಕಿದೆ. ಅಂದಿನಿಂದ ಮರುದಿನಕ್ಕೆ ಬೇಕಾದಷ್ಟಕ್ಕೆ ಮಾತ್ರ ನೀರು ಹಾಕುವುದು.

“ಸ್ಕ್ರೂ ಕನ್ವೇಯರ್ ಮೇಲೆ ನಲ್ಲಿ ಬಿಟ್ಟು ನೀರು ಹಾಕ್ತೀವಿ. ಡ್ಯಾಂಪನರ್ ಬೇರೆ ಬೇಕಾ?”

ತೇವ ಶೇ. 2–3 ಏರಿಸಲು, ಕಾಳನ್ನು ತಳ್ಳಿಕೊಂಡು ಹೋಗುವ ಸ್ಕ್ರೂ ಮೇಲಿನ ನಿಮ್ಮ ನಲ್ಲಿ ಸಾಕು. ಅದಕ್ಕಿಂತ ಹೆಚ್ಚಾದರೆ ಒಂದು ಕಾಳು ಮುಳುಗುತ್ತದೆ, ಪಕ್ಕದ್ದಕ್ಕೆ ಹನಿಯೂ ಮುಟ್ಟುವುದಿಲ್ಲ. ಸರಾಸರಿ ಹದಿನಾರು ಬಂದರೂ ಬೀಸುವ ರೋಲರಿಗೆ ಸರಾಸರಿ ಕಾಳು ಬರುವುದಿಲ್ಲವಲ್ಲ. ಡ್ಯಾಂಪನರಿನಲ್ಲಿ ರೆಕ್ಕೆಗಳ ರೋಟರ್ ವೇಗವಾಗಿ ತಿರುಗಿ ಪ್ರತಿ ಕಾಳಿನ ಮೈಗೂ ನೀರಿನ ಪೊರೆ ಹಚ್ಚುತ್ತದೆ. ಒಂದೇ ಸಲಕ್ಕೆ ಶೇ. 5ರವರೆಗೆ ಏರಿಸಬಹುದು. ಅದು ಕೊಳ್ಳಲಾಗದಿದ್ದರೆ ನೀರನ್ನು ಎರಡು ಕಂತಿನಲ್ಲಿ ಹಾಕಿ, ನಡುವೆ ಕೆಲವು ಗಂಟೆ ಬಿಡಿ. ಮತ್ತೆ, ಕಾಳು ನಿಂತಾಗ ನೀರೂ ತಾನಾಗಿ ನಿಲ್ಲುವ ವಾಲ್ವ್ ಹಾಕಿಸಿ. ಎಲಿವೇಟರಿನ ಬುಡದಲ್ಲಿ ಗಂಜಿ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

“ನೀರು ಹಾಕಿದ ತಕ್ಷಣ ಮೀಟರ್ ಹದಿನೆಂಟು ತೋರಿಸುತ್ತೆ, ಬೆಳಗ್ಗೆ ನೋಡಿದ್ರೆ ಹದಿನೈದೂವರೆ. ಯಾವುದು ನಿಜ?”

ಬೆಳಗಿನದು. ಕೈಯಲ್ಲಿ ಹಿಡಿಯುವ ಮೀಟರುಗಳು ಕಾಳಿನ ವಿದ್ಯುತ್ ಗುಣ ನೋಡಿ ತೇವ ಊಹಿಸುತ್ತವೆ. ನೀರು ಮೈಮೇಲೇ ಇದ್ದಾಗ ಅವು ಮೋಸ ಹೋಗುತ್ತವೆ. ಗೋಧಿಗೆ ಹೊಂದಿಸಿದ ಮೀಟರಿನಲ್ಲಿ ರಾಗಿ ಅಳೆಯುವುದೂ ಅಷ್ಟೇ ವ್ಯರ್ಥ.

“ರಾಗಿಗೂ ನೀರು ಚಿಮುಕಿಸಿ ಬೀಸಿದ್ರೆ ಹಿಟ್ಟು ಬೆಳ್ಳಗಾಗುತ್ತೆ ಅಂತಾರೆ, ನಿಜವಾ?”

ನಿಜ. ನೂರು ಕೆ.ಜಿ.ಗೆ ಐದು ಲೀಟರ್ ಆಸುಪಾಸು ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಬೀಸಿ ಜರಡಿ ಹಿಡಿದರೆ ಕೆಂಪು ಸಿಪ್ಪೆ ಚಕ್ಕೆಯಾಗಿ ಮೇಲುಳಿಯುತ್ತದೆ. ಆದರೆ ರಾಗಿಯ ಸುಣ್ಣದಂಶ, ನಾರು ಸಿಪ್ಪೆಯಲ್ಲೇ ದಟ್ಟವಾಗಿರುವುದು. ರಾಗಿ ತಿನ್ನುವುದೇ ಅದಕ್ಕೆ ಅನ್ನುವವರಿಗೆ ಬೆಳ್ಳಗಿನ ಹಿಟ್ಟು ಯಾಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಮಕ್ಕಳ ಅಂಬಲಿಗೆ, ಹಪ್ಪಳಕ್ಕೆ ಸರಿ. ಆ ಹಿಟ್ಟಿನಲ್ಲಿ ತೇವ ಹೆಚ್ಚಿರುತ್ತದೆ, ಒಣಗಿಸದೆ ಡಬ್ಬಿಗೆ ತುಂಬಬೇಡಿ.

ಅಕ್ಕಿಯಂತೆ ರಾಗಿಯ ಸಿಪ್ಪೆ ತೆಗೆಯಬಹುದೇ ಎಂದೂ ಕೇಳುತ್ತಾರೆ. ಹಾಗೇ ಹಾಕಿದರೆ ಆಗದು. ಸಿಪ್ಪೆ ಬಿಗಿ, ಒಳಗಾಳು ಮೆದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಅದಕ್ಕೆ ದಾರಿ ಕಂಡುಹಿಡಿದಿದೆ: ರಾಗಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿದರೆ ಒಳಗಾಳು ಗಟ್ಟಿಯಾಗುತ್ತದೆ, ಆಮೇಲೆ ಸಿಪ್ಪೆ ಉಜ್ಜಬಹುದು.

## ಪಳಗಿದವರಿಗೆ

“ಫಸ್ಟ್ ಬ್ರೇಕಿಗೆ ಹೋಗೋ ಮುಂಚೆ ಮತ್ತೆ ಒಂದು ಚೂರು ನೀರು ಹಾಕ್ತಾರಲ್ಲ, ಅದ್ಯಾಕೆ?”

ಫಸ್ಟ್ ಬ್ರೇಕ್ ಅಂದರೆ ಕಾಳನ್ನು ಮೊದಲು ಒಡೆಯುವ ರೋಲರ್ ಜೋಡಿ. ರಾತ್ರಿ ಹಾಕಿದ ನೀರು ಬೆಳಗಾಗುವಷ್ಟರಲ್ಲಿ ಒಳಗೆ ಹೋಗಿರುತ್ತದೆ, ಮೇಲಿನ ಸಿಪ್ಪೆ ಮತ್ತೆ ಒಣಗಿರುತ್ತದೆ. ಬೀಸುವುದಕ್ಕೆ 15–30 ನಿಮಿಷ ಮೊದಲು ಶೇ. 0.3–0.5ರಷ್ಟು ನೀರನ್ನು ಮಂಜಿನಂತೆ ಹಾಕಿದರೆ ಅದು ಸಿಪ್ಪೆಯಲ್ಲೇ ನಿಂತು ಅದನ್ನು ಜಿಗುಟಾಗಿಸುತ್ತದೆ. ಬೇಸಿಗೆಯಲ್ಲಿ ಇದರ ಫಲ ಮೈದಾದ ಬಣ್ಣದಲ್ಲೇ ಕಾಣುತ್ತದೆ.

“ಬಿನ್ನಿನ ನಡುವಿನ ಗೋಧಿ ಮೊದಲು ಇಳಿಯುತ್ತೆ, ಅಂಚಿನದು ಅಲ್ಲೇ ಕೂರುತ್ತೆ. ಇದಕ್ಕೆ ಪರಿಹಾರ?”

ತೇವದ ಗೋಧಿ ಒಣ ಗೋಧಿಯಂತೆ ಜಾರದು. ಒಂದೇ ಬಾಯಿದ್ದರೆ ನಡುವೆ ಬಾವಿಯಂತೆ ಇಳಿದು, ಈಗ ತಾನೆ ನೀರು ಕುಡಿದ ಮೇಲಿನ ಕಾಳೇ ಮೊದಲು ಹೊರಬರುತ್ತದೆ. ನೀವು 16 ಗಂಟೆ ಬಿಟ್ಟೆ ಅಂದುಕೊಂಡದ್ದು ಕೆಲವು ಕಾಳಿಗೆ ಎರಡು ಗಂಟೆ, ಕೆಲವಕ್ಕೆ ಎರಡು ದಿನ. ಬಿನ್ನಿನ ತಳಕ್ಕೆ ನಾಲ್ಕಾರು ಬಾಯಿ ಮಾಡಿಸಿ ಒಂದೇ ಪೈಪಿಗೆ ಕೂಡಿಸಿ. ತಳದ ಇಳಿಜಾರು ಕಡಿದಾಗಿರಲಿ. ಒಂದು ದೊಡ್ಡ ಬಿನ್ನಿಗಿಂತ ಮೂರು ಸಣ್ಣವು ವಾಸಿ.

“ಹುಳ ಹಿಡಿದ ಗೋಧಿಯನ್ನ ಮಷಿನ್ ಸರಿಮಾಡುತ್ತಾ?”

ಓಡಾಡುವ ಹುಳವನ್ನು ಜರಡಿ ತೆಗೆಯುತ್ತದೆ, ತೂತು ಬಿದ್ದು ಹಗುರಾದ ಕಾಳನ್ನು ಗಾಳಿ ಎಳೆಯುತ್ತದೆ. ಕಾಳಿನೊಳಗೇ ಮರಿ ಇದ್ದರೆ ಹೊರಗಿನಿಂದ ಏನೂ ತಿಳಿಯದು. ದೊಡ್ಡ ಗಿರಣಿಗಳಲ್ಲಿ ಕಾಳನ್ನು ರಭಸದಿಂದ ಗೋಡೆಗೆ ಅಪ್ಪಳಿಸುವ ಯಂತ್ರವಿರುತ್ತದೆ. ಟೊಳ್ಳು ಕಾಳು ಒಡೆದು ಪುಡಿಯಾಗುತ್ತದೆ, ಗಟ್ಟಿಯದು ಉಳಿಯುತ್ತದೆ. ಸಣ್ಣ ಗಿರಣಿಯವರು ಅಂಥ ಮಾಲನ್ನು ವಾಪಸ್ ಕಳಿಸುವುದೇ ಮೇಲು.

“ಎಲ್ಲಾ ಕೊಳ್ಳೋಕೆ ದುಡ್ಡಿಲ್ಲ. ಯಾವುದನ್ನ ಮೊದಲು ತಗೊಳ್ಳಲಿ?”

ಮ್ಯಾಗ್ನೆಟ್, ಎರಡು ಜರಡಿಯ ಸೆಪರೇಟರ್, ಡಿಸ್ಟೋನರ್, ಇದೇ ಕ್ರಮದಲ್ಲಿ. ಧೂಳು ಹಿಡಿಯುವ ಸೈಕ್ಲೋನನ್ನು ಬಿಡಬೇಡಿ, ಆ ಧೂಳು ಸೇರುವುದು ನಿಮ್ಮ ಎದೆಗೆ. ಕಲರ್ ಸಾರ್ಟರ್ ಕೊನೆಗೆ. ಅದಕ್ಕೆ ಒಣ ಗಾಳಿಯ ಕಂಪ್ರೆಸರ್ ಬೇಕು, ಧೂಳಿನ ಕಾಳು ಕೊಟ್ಟರೆ ಕ್ಯಾಮೆರಾ ಕುರುಡಾಗುತ್ತದೆ. ಕಿರು ಆಹಾರ ಸಂಸ್ಕರಣೆಗೆ ಕೇಂದ್ರ ಸರ್ಕಾರ 2020ರಲ್ಲಿ ಶುರುಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ ಶೇ. 35, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನವಿದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲೆಯ ಕೃಷಿ ಕಚೇರಿಯಲ್ಲಿ ವಿಚಾರಿಸಿ. ಕೆಲಸವನ್ನೇ ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಸಿಎಫ್‌ಟಿಆರ್‌ಐ ಆವರಣದಲ್ಲೇ ಗಿರಣಿ ತಂತ್ರಜ್ಞಾನದ ಅಂತಾರಾಷ್ಟ್ರೀಯ ಶಾಲೆಯಿದೆ.

“ಮಷಿನ್‌ನಿಂದ ಬಂದ ಕಸಾನ ಎಮ್ಮೆಗೆ ಹಾಕಬಹುದಾ?”

ಎಲ್ಲವನ್ನೂ ಅಲ್ಲ. ಸೆಪರೇಟರಿನ ನುಚ್ಚು, ಜೊಳ್ಳು ಕಾಳು, ಸ್ಕೌರರಿನ ಸಿಪ್ಪೆ ಹಾಕಬಹುದು, ಮಣ್ಣು ಕಡಿಮೆಯಿದ್ದರೆ. ಟ್ರಯರಿನಿಂದ ಬರುವ ಕಳೆಬೀಜದಲ್ಲಿ ದತ್ತೂರಿಯ ಬೀಜ ಇರಬಹುದು, ಅದು ದನಕ್ಕೂ ವಿಷ. ಕಪ್ಪು ಬೂಷ್ಟು ಹಿಡಿದ ಕಾಳನ್ನೂ ಹಾಕಬೇಡಿ. ಡಿಸ್ಟೋನರಿನ ಕಲ್ಲನ್ನು ಒಂದು ಡಬ್ಬಿಯಲ್ಲಿ ತುಂಬಿಸಿ ಕಟ್ಟೆಯ ಮೇಲಿಡಿ. ಗೋಧಿ ಮಾರಿದವನು ಮುಂದಿನ ಸಲ ರೇಟು ಹೇಳಲು ಬಂದಾಗ ತೋರಿಸಬಹುದು.